ಅರ್ಧ ಹೆಸರಿನ ಕಬ್ಬಿಣ

ಆ ಊರಿಗೆ ದಾರಿ ಕೇಳಬೇಡಿ. ಕೇಳಿದರೆ ಎಡಕ್ಕೆ ತಿರುಗಿ ಅಂತೀನಿ, ನೀವು ತಿರುಗ್ತೀರಿ, ಅಲ್ಲಿ ಸಗಣಿ ಗುಂಡಿ ಇರುತ್ತೆ. ಆಮೇಲೆ ನನ್ನ ಬೈಬೇಡಿ.

ಊರಂತೂ ಇತ್ತು. ಊರಿಗೊಂದು ಬೆಟ್ಟ, ಬೆಟ್ಟದ ಹೊಟ್ಟೆಯಲ್ಲಿ ಕಬ್ಬಿಣದ ಕಲ್ಲು, ಬೆಟ್ಟದ ಬುಡದಲ್ಲಿ ಒಂದು ಕುಲುಮೆ. ಕುಲುಮೆಗೆ ಒಬ್ಬ ಕಮ್ಮಾರ, ಕಮ್ಮಾರನಿಗೆ ಒಬ್ಬಳು ಮಗಳು. ಆ ಊರಲ್ಲಿ ಕೂಡಿದ್ದನ್ನು ಬಿಡಿಸಬೇಕಾದರೆ ಕಬ್ಬಿಣವೇ ಬೇಕು. ಕಲ್ಲಿನ ಚೂರು, ಬಿದಿರಿನ ಸೀಳು, ಹಲ್ಲು, ಉಗುರು, ಇವುಗಳ ಮಾತನ್ನು ಅಲ್ಲಿ ಯಾವುದೂ ಕೇಳ್ತಿರಲಿಲ್ಲ. ಬತ್ತದ ತೆನೆ ಬುಡ ಬಿಡಬೇಕೆ? ಕಬ್ಬಿಣ. ನೆಲ ಬಾಯಿ ಬಿಡಬೇಕೆ? ಕಬ್ಬಿಣ. ತಾಯಿಯಿಂದ ಮಗು ಬೇರೆಯಾಗಬೇಕೆ? ಕಬ್ಬಿಣ.

ಆದರೆ ಆ ಕಬ್ಬಿಣಕ್ಕೆ ಒಂದು ಖಯಾಲಿ ಇತ್ತು. ತಾನು ಯಾರು ಅನ್ನೋದೇ ಅದಕ್ಕೆ ಗೊತ್ತಿರಲಿಲ್ಲ. ಕೆಂಪಗೆ ಕಾದ ತುಂಡನ್ನು ನೀರಿಗಿಳಿಸಿದಾಗ ‘ಚುಂಯ್’ ಅನ್ನುತ್ತಲ್ಲ, ಬೇರೆ ಊರುಗಳಲ್ಲಿ ಅದು ಬರೀ ಸದ್ದು. ಅಲ್ಲಿ ಅದು ಪ್ರಶ್ನೆ. ನನ್ನ ಹೆಸರು ಎಲ್ಲಿಂದ ಬಂತು ಅಂತ ಕಬ್ಬಿಣ ಕೇಳ್ತಿತ್ತು. ಹಬೆ ಆರುವುದರೊಳಗೆ ಉತ್ತರ ಹೇಳಬೇಕು. ಅದು ಯಾರ ಕೈಗೆ ಹೋಗುತ್ತೋ ಅವರೇ ಹೇಳಬೇಕು. ಏನು ಹೇಳಿದರೋ ಕಬ್ಬಿಣ ಅದೇ ಆಗ್ತಿತ್ತು. ಮತ್ತೆ ಬೆಂಕಿಗೆ ಬೀಳುವ ತನಕ ಬೇರೇನೂ ಆಗ್ತಿರಲಿಲ್ಲ.

ಕೆಂಡದಿಂದ ನೀರಿಗೆ, ನೀರಿನಿಂದ ಕೈಗೆ. ನಡುವೆ ಒಂದು ಮಾತು.

ಪ್ರತಿ ಮನೆಗೂ ಅದರದೇ ಮಾತಿತ್ತು. ನೇಗಿಲಿನ ಗುಳ ಮಾಡಿಸಿಕೊಂಡವನು ಹಬೆಗೆ ಬಾಯಿಟ್ಟು ಹೇಳ್ತಿದ್ದ: “ಕರಿ ಮಣ್ಣಿನ ಹೊಟ್ಟೆಯಿಂದ ನಿನ್ನ ಹೆಸರು ಬಂತು, ಅಲ್ಲಿಗೇ ಹೋಗು.” ಗುಳ ಹೋಗ್ತಿತ್ತು. ಕಾವಲಿ ಮಾಡಿಸಿಕೊಂಡವಳು ಹೇಳ್ತಿದ್ದಳು: “ಒಲೆಯ ಮಸಿಯಿಂದ ನಿನ್ನ ಹೆಸರು ಬಂತು, ನನ್ನ ರೊಟ್ಟಿಗೆ ಅಂಟಬೇಡ.” ಕಾವಲಿ ಅಂಟ್ತಿರಲಿಲ್ಲ. ಸೂಜಿಯವಳು ಅಮಾವಾಸ್ಯೆಯ ಹೆಸರು ಹೇಳಿದಳು, ಸೂಜಿ ಕತ್ತಲಲ್ಲೂ ದಾರಿ ಹುಡುಕಿಕೊಳ್ತಿತ್ತು. ಮಡಿವಾಳ ತನ್ನ ಕತ್ತೆಗೆ ಲಾಳ ಹೊಡೆಸಿದಾಗ ಹೇಳಿದ್ದು ಇಷ್ಟೇ: “ನಿನ್ನ ಹೆಸರು ಕತ್ತೆಯ ನೆರಳಿನಿಂದ ಬಂತು ಕಣಪ್ಪ. ಅದು ಹೋದಲ್ಲಿ ಹೋಗು.” ಎಲ್ಲರೂ ನಕ್ಕರು. ಲಾಳ ನಗಲಿಲ್ಲ. ಕತ್ತೆಯ ಜೊತೆ ಹೊಳೆಗೆ ಹೋಯಿತು, ಬಂತು, ಹೋಯಿತು.

ಇವುಗಳಲ್ಲಿ ಯಾವುದು ನಿಜ ಅಂತೀರಾ? ಗುಳ ಉಳ್ತಿತ್ತು, ಕಾವಲಿ ರೊಟ್ಟಿ ಕೊಡ್ತಿತ್ತು. ಇನ್ನೇನು ನಿಜ ಬೇಕು ನಿಮಗೆ? ಒಂದು ಮಾತ್ರ ಗಮನಿಸಿ. ಯಾರ ಮನೆಯ ಮಾತಾದರೂ ಸರಿ, ಅದರಲ್ಲಿ ಎಲ್ಲೋ ಒಂದು ಕಡೆ ಕಪ್ಪು ಇದ್ದೇ ಇರ್ತಿತ್ತು. ಮಣ್ಣಿನದ್ದೋ, ಮಸಿಯದ್ದೋ, ಅಮಾವಾಸ್ಯೆಯದ್ದೋ, ಕತ್ತೆಯ ನೆರಳಿನದ್ದೋ.

ಕಮ್ಮಾರನ ಮಗಳೂ ಕಪ್ಪಗಿದ್ದಳು. ಸುಮ್ಮನೆ ಕಪ್ಪಲ್ಲ, ನೀರಿನಿಂದ ಈಗಷ್ಟೇ ಎತ್ತಿದ ಕಬ್ಬಿಣದ ಕಪ್ಪು. ಬಿಸಿಲಿಗೆ ಬಂದರೆ ನೀಲಿ ಹೊಳೀತಿತ್ತು. ಅವಳು ಬೀದಿಗೆ ಬಂದರೆ ಊರ ಹುಡುಗರು “ದೀಪ ಹಚ್ರೋ, ಕತ್ತಲಾಯ್ತು” ಅಂತ ಕೂಗೋರು. ಅವಳು “ನಿಮ್ಮ ತಲೇಲಿ ಹಚ್ಕೊಳ್ರೋ, ಅಲ್ಲೇ ಜಾಸ್ತಿ ಕತ್ತಲು” ಅಂದು ಮುಂದೆ ಹೋಗೋಳು. ಹುಡುಗರ ಮಾತು ಅವಳಿಗೆ ತಾಗ್ತಿರಲಿಲ್ಲ. ಅಪ್ಪನ ಮಾತು ತಾಗ್ತಿತ್ತು.

ಅಪ್ಪ ಅವಳನ್ನು ಬೈದವನೇ ಅಲ್ಲ. “ಚಿನ್ನ” ಅಂತ ಕರೀತಿದ್ದ. “ಚಿನ್ನ, ನೀರು ತಗೊಂಬಾ. ಚಿನ್ನ, ತಿದಿ ಒತ್ತು.” ಅದರಲ್ಲೂ ಬಂಧುಗಳು ಬಂದಾಗ ಇನ್ನೂ ಜೋರಾಗಿ ಕರೀತಿದ್ದ, ಯಾರಾದರೂ ಬೇರೇನಾದರೂ ಅನ್ನುವ ಮುಂಚೆ ತಾನೇ ಅಂದುಬಿಡಬೇಕು ಅನ್ನುವ ಹಾಗೆ.

ಒಂದು ದಿನ ತಿದಿ ಒತ್ತುತ್ತಾ ಅವಳು ಕೇಳಿದಳು: “ಅಪ್ಪ, ನಾನು ಕರಿ ಇದೀನಿ ಅಲ್ವಾ?”

“ಯಾರಂದ್ರು? ಯಾವನು ಅಂದ, ಹೇಳು.”

“ಯಾರೂ ಅನ್ಲಿಲ್ಲಪ್ಪ. ನೀರಲ್ಲಿ ಕಾಣ್ಸುತ್ತೆ. ನೀನು ಚಿನ್ನ ಅಂದಾಗೆಲ್ಲ ನಾನು ಹಿಂದೆ ತಿರುಗಿ ನೋಡ್ತೀನಿ, ಬೇರೆ ಯಾರಾದ್ರೂ ಬಂದ್ರೇನೋ ಅಂತ. ಒಂದ್ಸಲ ಕರಿಮಗಳೇ ಅನ್ನಪ್ಪ.”

“ಸುಮ್ನಿರು ಚಿನ್ನ. ಬೆಂಕಿ ಆರುತ್ತೆ.”

ಅವಳು ತಿದಿ ಒತ್ತಿದಳು. ಬೆಂಕಿ ಆರಲಿಲ್ಲ. ಅವಳ ಮದುವೆಯಾಯಿತು, ಹೊಳೆಯಾಚೆ ಹೋದಳು. ಕೆಂಡದಿಂದ ನೀರಿಗೆ, ನೀರಿನಿಂದ ಕೈಗೆ. ಮೊದಲ ಬಸುರಿಗೆ ತವರಿಗೆ ಬಂದಳು.

ಆ ಹೊತ್ತಿಗೇ ಊರಿಗೆ ಹೆಸರು ಬಿಡಿಸುವವನು ಬಂದದ್ದು.

ಅವನ ಕಸುಬು ಅದೇ. ಊರೂರು ತಿರುಗಿ, ಒಂದು ಊಟ ಹಾಕಿದರೆ ಒಂದು ಹೆಸರು ಬಿಡಿಸಿ ತೋರಿಸ್ತಿದ್ದ. ಹಲಸಿನ ಹಣ್ಣು ಬಿಡಿಸುವವರ ಹಾಗೆ ಮೊದಲು ಅಂಗೈಗೆ ಎಣ್ಣೆ ಹಚ್ಚಿಕೊಳ್ತಿದ್ದ, ಹೆಸರು ಅಂಟಬಾರದು ಅಂತ. ಊರ ಯಜಮಾನ ಕಟ್ಟೆಯ ಮೇಲೆ ಎಲೆ ಹಾಕಿಸಿದ. “ನಮ್ಮದು ಕಬ್ಬಿಣದ ಊರು. ಅದರದ್ದೇ ಬಿಡಿಸಪ್ಪ” ಅಂದ.

ಹೆಸರು ಬಿಡಿಸುವವನು ಬಿಡಿಸಿದ. “ಮೇಲಿನ ಸಿಪ್ಪೆ ಕಬ್ಬಿಣ. ನೀವೆಲ್ಲ ಕಂಡಿದ್ದು ಇಷ್ಟೇ. ಅದರ ಕೆಳಗೆ ನೋಡಿ, ಕಬ್ಬುನ. ಅದರ ಕೆಳಗೆ ಕರ್ಬುನ. ಇನ್ನೂ ಒಳಗೆ ಎರಡು ತೊಳೆ ಇವೆ, ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಕರ್, ಅಂದರೆ ಕರಿ. ಇನ್ನೊಂದು ಪೊನ್, ಅಂದರೆ ಹೊನ್ನು. ನಿಮ್ಮ ಅಜ್ಜಂದಿರ ಅಜ್ಜಂದಿರು ಇದನ್ನ ಮೊದಲ ಸಲ ಕಂಡಾಗ ಕರಿ ಹೊನ್ನು ಅಂದರು. ಎರಡನ್ನೂ ಒಟ್ಟಿಗೇ ಇಟ್ಟುಕೊಳ್ಳಿ, ಬೇರೆ ಮಾಡಿದರೆ ಕೆಡುತ್ತೆ.”

ಊಟ ಮಾಡಿದ, ಕೈ ತೊಳೆದ, ಹೋದ. ಕೊನೆಯ ಮಾತು ಹೇಳುವ ಹೊತ್ತಿಗೆ ಜನ ಎದ್ದು ನಿಂತಾಗಿತ್ತು.

ಯಜಮಾನನಿಗೆ ಸ್ವಲ್ಪ ಕಿವಿ ಮಂದ. ಬೇಕಾದಾಗ ಮಾತ್ರ ಮಂದ. “ಏನಂದ? ಹೊನ್ನು ಅಂದ್ನಾ?”

“ಕರಿ ಹೊನ್ನು ಅಂದ, ಯಜಮಾನ್ರೇ” ಅಂದ ಕಮ್ಮಾರ.

“ಹೊನ್ನು ಅಂದ್ನೋ ಇಲ್ವೋ?”

“ಅಂದ.”

“ಮತ್ತೆ! ಮನೆ ತುಂಬ ಹೊನ್ನು ಇಟ್ಕೊಂಡು ಅದಕ್ಕೆ ಮಸಿ, ಮಣ್ಣು, ಕತ್ತೆ ಅಂತ ಹೇಳ್ಕೊಂಡ್ ಬಂದಿದೀವಲ್ಲೋ. ಎಲ್ಲಾನೂ ತನ್ನಿ. ಮತ್ತೆ ಕಾಯ್ಸಿ. ಈ ಸಲ ನಿಜ ಹೇಳೋಣ.”

ಕಮ್ಮಾರ ಒಂದು ಮಾತು ಹೇಳಿದ್ದು ಹೌದು. “ಹೇಳೋದಾದ್ರೆ ಪೂರ್ತಿ ಹೇಳಿ. ಕರಿ ಅನ್ನೋದನ್ನ ಬಿಡಬೇಡಿ.”

ಯಜಮಾನ ಅವನ ಹೆಗಲ ಮೇಲೆ ಕೈ ಹಾಕಿದ. ತುಂಬ ಪ್ರೀತಿಯಿಂದ ಹೇಳಿದ. “ಹೆಣ್ಣು ತೋರಿಸೋವಾಗ ಹುಡುಗಿ ಕಪ್ಪು ಅಂತ ನೀನು ಬಾಯಿಬಿಟ್ಟು ಹೇಳಿದ್ಯಾ? ಇಲ್ಲ ತಾನೆ? ಚಿನ್ನ ಅಂದೆ. ಮದುವೆ ಆಯ್ತು. ಹಾಗೇ ಇದೂನೂ.”

ಗೋಡೆಯಾಚೆ ಬಸುರಿ ಮಗಳು ಅಕ್ಕಿ ಆರಿಸ್ತಿದ್ದಳು. ಮೊರದ ಸದ್ದು ನಿಂತಿತು. ಕಮ್ಮಾರನಿಗೂ ಕೇಳಿಸಿತು, ನಿಂತದ್ದು. ಅವನು ತಿದಿಯ ಹತ್ತಿರ ಹೋಗಿ ಕೂತ.

ಊರು ಸಾಲು ನಿಂತಿತು. ಗುಳ, ಕುಡುಗೋಲು, ಕಾವಲಿ, ಅಗಳಿ, ಸೂಜಿ, ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ, ಸೂಲಗಿತ್ತಿಯ ಬಳ್ಳಿ ಕೊಯ್ಯುವ ಕತ್ತಿ. ಕೆಂಡದಿಂದ ನೀರಿಗೆ. ಚುಂಯ್, ನನ್ನ ಹೆಸರು ಎಲ್ಲಿಂದ ಬಂತು? “ಹೊನ್ನಿನಿಂದ.” ಚುಂಯ್. “ಹೊನ್ನಿನಿಂದ.” ಚುಂಯ್. “ಹೊನ್ನು, ಹೊನ್ನು, ಬರೀ ಹೊನ್ನು.” ಹಬೆಯೊಳಗಿಂದ ಒಂದೊಂದೇ ಹಳದಿಯಾಗಿ ಎದ್ದು ಬಂತು. ಜನ ಅತ್ತರು. ನಾನು ಸುಳ್ಳು ಹೇಳ್ತಿಲ್ಲ, ಸೂಲಗಿತ್ತಿ ತನ್ನ ಕತ್ತಿಗೆ ಮುತ್ತು ಕೊಟ್ಟು ತುಟಿ ಸುಟ್ಟುಕೊಂಡಳು.

ಮಡಿವಾಳ ಕತ್ತೆಯ ಕಾಲಿನಿಂದ ಒಂದು ಲಾಳ ಕಿತ್ತುಕೊಂಡು ಸಾಲಿನ ಕೊನೆಯಲ್ಲಿ ನಿಂತಿದ್ದ.

“ಇದೇನೋ?” ಅಂದ ಯಜಮಾನ.

“ಲಾಳ, ಬುದ್ಧಿ.”

“ಕತ್ತೆ ಕಾಲಿಗೆ ಚಿನ್ನ ಹಾಕಿಸ್ತೀಯಾ? ಆಮೇಲೆ ನನ್ನ ಹೆಂಡ್ತಿ ಏನು ಹಾಕ್ಕೋಬೇಕು?”

“ಅವರಿಗೂ ಬೇಕಾದ್ರೆ ಲಾಳಾನೇ…” ಅಂದ ಮಡಿವಾಳ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡ. ಜನ ನಕ್ಕು ನಕ್ಕು ಸಾಲಿನಿಂದ ಅವನನ್ನು ತಳ್ಳಿದರು. ಅವನು ಹೋಗಿ ಲಾಳ ಮತ್ತೆ ಹೊಡೆದ.

ಎಲ್ಲರೂ ಹೋದ ಮೇಲೆ ಕಮ್ಮಾರ ಕುಲುಮೆಯಲ್ಲಿ ಒಬ್ಬನೇ ಕೂತ. ಅವನ ಇಕ್ಕಳ, ಅವನ ಸುತ್ತಿಗೆ ಇನ್ನೂ ಕಪ್ಪಗಿದ್ದವು. ಊರೆಲ್ಲ ಹಳದಿಯಾಗಿರುವಾಗ ಅವೆರಡೂ ಅವನನ್ನೇ ನೋಡ್ತಿದ್ದ ಹಾಗಿತ್ತು. ಅವನು ಸುತ್ತಿಗೆ ಕಾಯಿಸಿದ, ಇಕ್ಕಳದಲ್ಲಿ ಹಿಡಿದು ಅದ್ದಿದ, “ಹೊನ್ನು” ಅಂದ. ಕೊನೆಗೆ ಇಕ್ಕಳದ ಬಾಯಿ ಕಾಯಿಸಿ, ಹಿಡಿಯನ್ನು ಬಟ್ಟೆಯಲ್ಲಿ ಹಿಡಿದು ಅದ್ದಿದ. ಇಕ್ಕಳ ಕೇಳಿತು, ನನ್ನ ಹೆಸರು ಎಲ್ಲಿಂದ ಬಂತು? ಅವನು ಗೋಡೆಯ ಕಡೆ ನೋಡಿದ. “ಹೊನ್ನಿನಿಂದ” ಅಂದ, ಮೆಲ್ಲಗೆ.

ಆಮೇಲಿನದು ನಗುವ ಭಾಗ. ನಕ್ಕುಬಿಡಿ, ಮುಂದೆ ಸಿಗಲ್ಲ.

ಗುಳ ಹೊಲದ ಬದುವಿನಲ್ಲಿ ಮಲಗಿತು, ಮಣ್ಣು ಮುಟ್ಟಲ್ಲ ಅಂತು. ಒತ್ತಿದರೆ ಬಾಗಿತು. ಕುಡುಗೋಲು ಬತ್ತದ ಬುಡದಲ್ಲಿ ನಮಸ್ಕಾರ ಮಾಡಿ ವಾಪಸ್ಸು ಬಂತು. ಸೂಜಿ ನತ್ತಾಗಿ ಮೂಗಿಗೇರಿತು. ಕಾವಲಿಯ ಮೇಲೆ ರೊಟ್ಟಿ ಹಾಕಲು ಅತ್ತೆ ಬಿಡಲಿಲ್ಲ, ಗೀರು ಬೀಳುತ್ತೆ ಅಂತ. ಪಾತಾಳಗರಡಿ ಬಾವಿಗಿಳಿದು ಅಲ್ಲೇ ಕೂತಿತು. ಅಗಳಿಯನ್ನು ಕಳ್ಳರು ಕದ್ದಾರು ಅಂತ ಪೆಟ್ಟಿಗೆಯಲ್ಲಿಟ್ಟು ಬಾಗಿಲನ್ನು ತೆರೆದೇ ಮಲಗಿದರು. ಕಳ್ಳರು ಬರಲಿಲ್ಲ. ಅವರ ಮನೆಯಲ್ಲೂ ಅದೇ ಇತ್ತು.

ಮೊದಮೊದಲು ಚೆನ್ನಾಗೇ ಇತ್ತು. ಹಳೆಯ ಕಾಳು ಇತ್ತು, ತಿಂದರು. ಒಬ್ಬರ ಮನೆಗೆ ಒಬ್ಬರು ಹೋಗಿ ಹೊನ್ನಿನ ಗುಳ ನೋಡಿ ಬಂದರು. ಬರಬರುತ್ತಾ ನೋಡಲು ಹೋಗುವುದೂ ನಿಂತಿತು. ಎಲ್ಲರ ಮನೆಯಲ್ಲೂ ಹೊಳೀತಿತ್ತು, ಯಾರ ಮನೆಯಲ್ಲೂ ಒಗ್ಗರಣೆಯ ವಾಸನೆ ಇರಲಿಲ್ಲ. ಬೀದಿಯಲ್ಲಿ ಟಕ್ಕು ಟಕ್ಕು ಅನ್ನುವ ಒಂದೇ ಸದ್ದು ಉಳಿದಿತ್ತು, ಮಡಿವಾಳನ ಕತ್ತೆಯದು.

ನಡುಮಧ್ಯಾಹ್ನ, ನೆರಳು ಕಾಲ ಕೆಳಗೆ ಸೇರಿಕೊಳ್ಳುವ ಹೊತ್ತಿಗೆ ಕಮ್ಮಾರನ ಮಗಳಿಗೆ ನೋವು ಬಂತು. ಸೂಲಗಿತ್ತಿ ಬಂದಳು. ಹೆಣ್ಣು ಮಗು ಹುಟ್ಟಿತು, ತಾಯಿಯ ಬಣ್ಣವೇ. ಅತ್ತಿತು. ಸೂಲಗಿತ್ತಿ ತನ್ನ ಹಳದಿ ಕತ್ತಿ ತೆಗೆದು ಹೊಕ್ಕುಳಬಳ್ಳಿಯ ಮೇಲಿಟ್ಟಳು. ಕತ್ತಿ ಜಾರಿತು. ಮತ್ತೆ ಇಟ್ಟಳು. ಬಾಗಿತು. ಬಳ್ಳಿಯ ಮೇಲೆ ಒಂದು ಗೀರೂ ಬೀಳಲಿಲ್ಲ.

ಆ ಊರಲ್ಲಿ ಕೂಡಿದ್ದನ್ನು ಬಿಡಿಸಬೇಕಾದರೆ ಕಬ್ಬಿಣವೇ ಬೇಕು ಅಂದೆನಲ್ಲ.

ಬಿದಿರು ತಂದರು, ಕಲ್ಲು ತಂದರು, ಸೂಲಗಿತ್ತಿ ಹಲ್ಲು ಹಚ್ಚಿದಳು. ಬಳ್ಳಿ ಕೇಳಲಿಲ್ಲ. ಹೊತ್ತು ಹೋದಂತೆ ಮಗು ಹೀರ್ತಿತ್ತು, ತಾಯಿ ಬರಿದಾಗ್ತಿದ್ದಳು. ಅವಳ ಕಪ್ಪು ಬೂದಿಯಾಗ್ತಾ ಬಂತು. ಸೂಲಗಿತ್ತಿ ಕುಲುಮೆಗೆ ಓಡಿಬಂದಳು.

“ಕಮ್ಮಾರಣ್ಣ, ಒಂದು ಚೂರು ಕರೇದು ಕೊಡು. ಬೆರಳಷ್ಟು ಸಾಕು.”

“ಎಲ್ಲಿದೆಯವ್ವ? ಎಲ್ಲಾದಕ್ಕೂ ಹೇಳಿಬಿಟ್ಟಿದೀವಲ್ಲ. ಈ ತೆಳು ಕತ್ತಿ ಮತ್ತೆ ಕಾಯ್ಸಿದ್ರೆ ಕರಗಿಹೋಗುತ್ತೆ.”

“ನಿನ್ನ ಮಗಳು ಕಣೋ!”

ಆಗ ಬೀದಿಯಲ್ಲಿ ಕೇಳಿಸಿತು. ಟಕ್ಕು, ಟಕ್ಕು.

ಮಡಿವಾಳನಿಗೆ ಬೀದಿಯಲ್ಲೇ ವಿಷಯ ಮುಟ್ಟಿತ್ತು. ಕತ್ತೆಯ ಕಾಲೆತ್ತಿ, ಸೂಲಗಿತ್ತಿಯ ಬಾಗಿದ ಹೊನ್ನಿನ ಕತ್ತಿಯಿಂದ ಮೀಟಿ ನೋಡಿದ, ಆಗಲಿಲ್ಲ. ಅವತ್ತು ಕಿತ್ತು ಮತ್ತೆ ಹೊಡೆದ ಲಾಳ ಸಡಿಲವಾಗೇ ಇತ್ತು, ಅದನ್ನೇ ಎರಡೂ ಕೈ ಹಾಕಿ ಎಳೆದು ಕಿತ್ತ. ಉಗುರು ಹರಿಯಿತು. “ತಗೋ ಅಣ್ಣ. ನಿಮ್ಮ ಪುಣ್ಯ, ಅವತ್ತು ನನ್ನನ್ನ ಸಾಲಿನಿಂದ ತಳ್ಳಿದ್ರಿ” ಅಂದ. ಈ ಸಲ ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಲಾಳ ಕೆಂಡಕ್ಕೆ ಬಿತ್ತು. ಕೆಂಪಗಾಯಿತು. ತೆಗೆಯಲು ಕಮ್ಮಾರ ಇಕ್ಕಳ ಹಾಕಿದ. ಹೊನ್ನಿನ ಇಕ್ಕಳ ಕೆಂಡದಲ್ಲಿ ಬೆಣ್ಣೆಯ ಹಾಗೆ ಇಳಿದುಹೋಯಿತು. ಬಳ್ಳಿಗೆ ಅಂತ ತಂದಿದ್ದ ಬಿದಿರಿನ ಸೀಳು ಹಾಕಿದ. ಅದು ಪಟಾರನೆ ಒಡೆದು ಉರಿದುಹೋಯಿತು. ಗೋಡೆಯಾಚೆ ಮಗಳ ನರಳಿಕೆ ಸಣ್ಣದಾಯಿತು, ಇನ್ನೂ ಸಣ್ಣದಾಯಿತು.

ಬಾಗಿಲಲ್ಲಿ ಊರೇ ನಿಂತಿತ್ತು, ಯಜಮಾನನೂ ಇದ್ದ. ಎಲ್ಲರೂ ಒಳಗೆ ನೋಡಿದರು, ಆಮೇಲೆ ತಮ್ಮ ತಮ್ಮ ಕಾಲು ನೋಡಿಕೊಂಡರು.

ಕಮ್ಮಾರ ಬಲಗೈಯನ್ನು ಕೆಂಡದೊಳಗೆ ಇಟ್ಟ.

ಲಾಳ ಹಿಡಿದ. ಎತ್ತಿದ. ಅಡಿಗಲ್ಲಿನ ಮೇಲಿಟ್ಟು, ಬಿಡದೆ ಹಿಡಿದುಕೊಂಡೇ, ಎಡಗೈಯಲ್ಲಿ ಹೊಳೆಯ ಗುಂಡುಕಲ್ಲು ತಗೊಂಡು ಬಡಿದ. ಲಾಳ ಚಪ್ಪಟೆಯಾಯಿತು, ಚಪ್ಪಟೆಯಾದದ್ದು ತೆಳ್ಳಗಾಯಿತು, ತೆಳ್ಳಗಾದದ್ದಕ್ಕೆ ಅಂಚು ಬಂತು. ಅವನು ಕೂಗಲಿಲ್ಲ. ಆ ವಾಸನೆಯನ್ನು ನಾನು ಹೇಳಲ್ಲ. ಲಾಳವನ್ನು ಮುಷ್ಟಿಯ ಸಮೇತ ನೀರಿಗೆ ಅದ್ದಿದ.

ಚುಂಯ್.

ನನ್ನ ಹೆಸರು ಎಲ್ಲಿಂದ ಬಂತು?

ಕತ್ತಿ ಹೋಗಬೇಕಾದ್ದು ಸೂಲಗಿತ್ತಿಯ ಕೈಗೆ. ಅವಳು ಹಬೆಗೆ ಬಾಯಿಟ್ಟಳು. ತುಟಿ ತೆರೆದಳು. ಅವಳ ಮನೆಯ ಹಳೆಯ ಮಾತೊಂದಿತ್ತು, ಅಜ್ಜಿ ಹೇಳ್ತಿದ್ದದ್ದು, ಅದು ಬರಲೇ ಇಲ್ಲ. ನಾಲಿಗೆ ಅಭ್ಯಾಸದಂತೆ “ಹೊ…” ಅಂತು. ನೀರೊಳಗೆ ಅಂಚು ಹಳದಿಗೆ ತಿರುಗತೊಡಗಿತು.

ಆದರೆ ಆ ಕಬ್ಬಿಣ ಆಗ ಯಾರ ಕೈಯಲ್ಲಿತ್ತು? ಆ ಕುಲುಮೆಯಲ್ಲಿ ಯಾವತ್ತೂ ಕೆಂಡದಿಂದ ನೀರಿಗೆ, ನೀರಿನಿಂದ ಕೈಗೆ. ಇವತ್ತು ಕೆಂಡದಿಂದ ಕೈಗೆ, ಕೈಯಿಂದ ನೀರಿಗೆ. ಹಾಗಾಗಿ ಹೇಳುವ ಹಕ್ಕು ಅವನದಾಗಿತ್ತು.

“ಕರಿ” ಅಂದ ಕಮ್ಮಾರ. ಮೊದಲು ಮೆಲ್ಲಗೆ, ಆಮೇಲೆ ಬೆಟ್ಟಕ್ಕೆ ಕೇಳುವ ಹಾಗೆ. “ಕರಿಯಿಂದ ಬಂತು ನಿನ್ನ ಹೆಸರು. ಬೆಟ್ಟದೊಳಗೆ ಕರಿ, ಇದ್ದಿಲೊಳಗೆ ಕರಿ, ಈಗ ನನ್ನ ಕೈಯಲ್ಲೂ ಕರಿ. ನನ್ನ ಮಗಳ ಹಾಗೆ ಕರಿ. ಮೊದಲು ಕರಿ. ಹೊನ್ನು ಆಮೇಲೆ.”

ನೀರು ಸುಮ್ಮನಾಯಿತು. ಅವನು ಕೈ ಎತ್ತಿದಾಗ ಕತ್ತಿಯೂ ಕಪ್ಪು, ಕೈಯೂ ಕಪ್ಪು. ಕತ್ತಿ ಎಲ್ಲಿ ಮುಗೀತು, ಬೆರಳು ಎಲ್ಲಿ ಶುರು ಅಂತ ಗೊತ್ತಾಗಲಿಲ್ಲ. ಸೂಲಗಿತ್ತಿ ಒಂದೊಂದೇ ಬೆರಳು ಬಿಡಿಸಿ ಕತ್ತಿ ತಗೊಂಡು ಓಡಿದಳು.

ಬಳ್ಳಿ ಒಂದೇ ಸಲಕ್ಕೆ ಬಿಟ್ಟಿತು. ತಾಯಿ ಉಳಿದಳು. ಮಗು ಉಳಿಯಿತು.

ಕೈ ಉಳಿಯಲಿಲ್ಲ. ಮಣಿಕಟ್ಟಿನ ಕೆಳಗೆ ಅದು ಸುಟ್ಟ ಕೊಂಬೆಯ ಹಾಗೆ ನಿಂತುಬಿಟ್ಟಿತು, ಮುಷ್ಟಿಯೂ ಅಲ್ಲ, ಅಂಗೈಯೂ ಅಲ್ಲ. ಕುಲುಮೆ ತಣ್ಣಗಾಯಿತು. ಊರಿನ ಗುಳ, ಕುಡುಗೋಲು, ಅಗಳಿ ಎಲ್ಲವನ್ನೂ ಮತ್ತೆ ಕಾಯಿಸಿ, ಕರಗುವ ಮುಂಚೆ ಎತ್ತಿ, ಪೂರ್ತಿ ಹೆಸರು ಹೇಳಬಹುದಿತ್ತು. ಹೇಳಲು ಈಗ ಎಲ್ಲರಿಗೂ ಬರ್ತಿತ್ತು. ಆದರೆ ಕೆಂಡದಿಂದ ಎತ್ತುವವರು ಯಾರು? ಆಗಾಗ ಒಬ್ಬೊಬ್ಬರು ಹೊನ್ನಿನ ಗುಳ ಹೊತ್ತು ಕುಲುಮೆಯ ಬಾಗಿಲಿಗೆ ಬರ್ತಾರೆ. ಒಳಗೆ ನೋಡ್ತಾರೆ. ತಮ್ಮ ಅಂಗೈ ನೋಡಿಕೊಳ್ತಾರೆ. ಮನೆಗೆ ಹೋಗ್ತಾರೆ. ಯಜಮಾನ ಎಲ್ಲರಿಗಿಂತ ಹೆಚ್ಚು ಸಲ ಬಂದಿದ್ದಾನೆ, ಎಲ್ಲರಿಗಿಂತ ಹೆಚ್ಚು ಹೊತ್ತು ಅಂಗೈ ನೋಡಿಕೊಂಡಿದ್ದಾನೆ. ಊರಿಗೆ ಇರುವುದು ಆ ಒಂದೇ ಪುಟ್ಟ ಕತ್ತಿ. ಮನೆಯಿಂದ ಮನೆಗೆ ಹೋಗುತ್ತೆ, ಒಂದು ಹಿಡಿ ತೆನೆ ಕೊಯ್ಯುತ್ತೆ, ಮುಂದಿನ ಮನೆಗೆ ಹೋಗುತ್ತೆ. ಹಸಿವು ಮಾತ್ರ ಎಲ್ಲರ ಮನೆಗೂ ಒಟ್ಟಿಗೇ ಬರುತ್ತೆ.

ಇಷ್ಟಕ್ಕೇ ನಿಲ್ಲಿಸಿದರೆ ಕಮ್ಮಾರ ಗೆದ್ದ ಅಂದುಕೊಂಡು ನೀವು ಎದ್ದು ಹೋಗ್ತೀರಿ. ಕೂತ್ಕೊಳ್ಳಿ.

ಬಾಣಂತನ ಮುಗಿದು ಮಗಳು ಹೊಳೆಯಾಚೆಗೆ ಹೊರಟ ದಿನ. ಮಡಿವಾಳನ ಕತ್ತೆಯ ಮೇಲೆ ತೊಟ್ಟಿಲು, ಬಟ್ಟೆಗಂಟು. ಮಗಳು ಮಗುವನ್ನು ಎತ್ತಿಕೊಂಡು ಬಿಸಿಲಿಗೆ ಬಂದಳು. ಇಬ್ಬರ ಮೈಯೂ ನೀಲಿ ಹೊಳೆಯಿತು. ಕಮ್ಮಾರ ಹೊಸಿಲಲ್ಲಿ ನಿಂತಿದ್ದ, ಸುಟ್ಟ ಕೈಯನ್ನು ಪಂಚೆಯಲ್ಲಿ ಮುಚ್ಚಿಕೊಂಡು. ಅಷ್ಟು ದಿನದಿಂದ ಅವನು ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ತಿರುಗಿದ್ದ. ಕೆಂಡದ ಮುಂದೆ ಸಲೀಸಾಗಿ ಬಂದದ್ದು ಮಗಳ ಮುಂದೆ ಬರ್ತಿರಲಿಲ್ಲ. ಕತ್ತೆ ನಾಲ್ಕು ಹೆಜ್ಜೆ ಹಾಕಿತು. ಟಕ್ಕು, ಟಕ್ಕು, ಟಕ್ಕು, ನಾಲ್ಕನೆಯದು ಸದ್ದಿಲ್ಲ.

“ಕರಿಮಗಳೇ” ಅಂತ ಕೂಗಿದ ಅಪ್ಪ.

ಅವಳು ನಿಂತಳು. ತಿರುಗಿದಳು. ಅಪ್ಪನ ಮುಖ ನೋಡಿದಳು. ಆಮೇಲೆ ತನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡಿದಳು, ಅವನು ಯಾರನ್ನು ಕೂಗಿದ ಅಂತ.

ಕಬ್ಬಿಣವನ್ನಾದರೆ ಮತ್ತೆ ಕಾಯಿಸಬಹುದು. ಅದು ಇನ್ನೊಂದು ಸಲ ಕೇಳುತ್ತೆ. ಮಗಳು ಕೇಳಿದ್ದು ತಿದಿ ಒತ್ತುತ್ತಾ, ಒಂದೇ ಒಂದು ಸಲ.

ಅವಳ ಹಿಂದೆ ಯಾರೂ ಇರಲಿಲ್ಲ. ಕತ್ತೆ ಇತ್ತು, ಮೂರು ಲಾಳದ್ದು. ಅದು ಅಪ್ಪನ ಕಡೆ ತಿರುಗಿ, ನನ್ನನ್ನಾ ಅನ್ನುವ ಹಾಗೆ ಕಿವಿ ನಿಮಿರಿಸಿತು.